ಎರಡನೆಯ ಸ್ಕ್ಯಾನ್

2009ರ ಆಷಾಢ. ಅಂಗಳದಲ್ಲಿ ಆಡಿಕೊಂಡಿದ್ದ ಎರಡು ವರ್ಷದ ಮೊಮ್ಮಗ ಓಡಿಬಂದು ಚಡ್ಡಿ ತೋರಿಸಿದ. ತುಂಬ ಕಡುಗೆಂಪು ರಕ್ತ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಜ್ವರವಿಲ್ಲ. ನನ್ನಾಕೆ ದೃಷ್ಟಿ ತೆಗೆದಳು. ಊರಿನ ಡಾಕ್ಟರು ಆಮಶಂಕೆಗೆ ಔಷಧಿ ಕೊಟ್ಟರು. ಮೂರನೆಯ ದಿನ ಮತ್ತೆ ರಕ್ತ. ಮಗು ಸುಣ್ಣದಂತೆ ಬಿಳಿಚಿಕೊಂಡಿತು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟು 'ಮೆಕೆಲ್ ಸ್ಕ್ಯಾನ್' ಮಾಡಿದರು. 'ಏನೂ ಕಂಡುಬಂದಿಲ್ಲ' ಎಂದು ವರದಿ ಬಂತು. ದೇವರಿಗೆ ಕೈಮುಗಿದು ಊರಿಗೆ ಮರಳಿದೆವು. ಹನ್ನೊಂದನೆಯ ದಿನ ಮತ್ತೆ ಅದೇ ರಕ್ತ.

ಈ ಸಲ ಬೇರೆ ಆಸ್ಪತ್ರೆ. ಮಕ್ಕಳ ಸರ್ಜನ್ ಹಳೆಯ ವರದಿ ನೋಡಿ, "ಔಷಧಿ ಕೊಟ್ಟು ಮಾಡಿದರೋ, ಹಾಗೇ ಮಾಡಿದರೋ ಮೇಷ್ಟ್ರೇ?" ಎಂದರು. ನಾನು ತಬ್ಬಿಬ್ಬಾದದ್ದು ಕಂಡು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು ವಿವರಿಸಿದರು.

ಭ್ರೂಣದ ಕರುಳಿನಿಂದ ಹೊಕ್ಕುಳಿನ ಕಡೆಗೆ ಒಂದು ನಾಳವಿರುತ್ತದೆ. ಕೆಲವೇ ವಾರಗಳಲ್ಲಿ ಅದು ಮಾಯವಾಗಬೇಕು. ನೂರಕ್ಕೆ ಸುಮಾರು ಇಬ್ಬರಲ್ಲಿ ಅದರ ತುಂಡೊಂದು ಸಣ್ಣ ಕರುಳಿಗೆ ಅಂಟಿದ ಚೀಲವಾಗಿ ಉಳಿದುಬಿಡುತ್ತದೆ. 1809ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಮೆಕೆಲ್ ಹೆಸರೇ ಅದಕ್ಕೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಕೆಲವರ ಚೀಲದಲ್ಲಿ ಮಾತ್ರ ಜಠರದ ಒಳಪೊರೆ ಬೆಳೆದು, ಆಮ್ಲ ಸುರಿಸಿ, ಪಕ್ಕದ ಕರುಳನ್ನು ಹುಣ್ಣು ಮಾಡುತ್ತದೆ. ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿದರೆ ಆ ಪೊರೆ ಅದನ್ನು ಹೀರಿಕೊಂಡು ಕ್ಯಾಮೆರಾಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಹೀರಿದ್ದನ್ನು ಬೇಗನೆ ಕರುಳಿಗೆ ಬಿಟ್ಟುಬಿಟ್ಟರೆ ಚುಕ್ಕೆ ಮಸುಕು. ಮೊದಲೇ ರಾನಿಟಿಡಿನ್ ಕೊಟ್ಟರೆ ಪೊರೆ ಅದನ್ನು ಹಿಡಿದುಕೊಂಡಿರುತ್ತದೆ.

ರಾನಿಟಿಡಿನ್! ಹೊಟ್ಟೆಯುರಿಗೆಂದು ನಾನೇ ನುಂಗುತ್ತಿದ್ದ ಮಾತ್ರೆ. ಮನೆಯ ಗೂಡಿನಲ್ಲಿ ಸದಾ ಒಂದು ಪಟ್ಟಿ ಇರುತ್ತಿತ್ತು.

ಔಷಧಿ ಕೊಟ್ಟು ಎರಡನೆಯ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಜಠರ ಬೆಳಗಿದ ಹೊತ್ತಿಗೇ ಹೊಕ್ಕುಳಿನ ಬಲಕ್ಕೆ ಕಡಲೆಕಾಳಿನಷ್ಟು ಚುಕ್ಕೆಯೂ ಮೂಡಿತು. ಮರುದಿನ ಆಪರೇಷನ್. ರಕ್ತ ಮತ್ತೆ ಬರಲಿಲ್ಲ.

ಈಗ ಇದೇ ಕೆಲಸಕ್ಕೆ ಫಾಮೊಟಿಡಿನ್ ಕೊಡುವುದೂ ಉಂಟು. ಮೊಮ್ಮಗ ಕಾಲೇಜಿಗೆ ಹೋಗುತ್ತಿದ್ದಾನೆ. ಹೊಟ್ಟೆಯ ಮೇಲಿನ ಗೆರೆಯ ಕಥೆ ಅವನಿಗೆ ನೆನಪಿಲ್ಲ. ನನಗಿದೆ. ಔಷಧಿ ಇರುವುದು ರೋಗ ಕಳೆಯುವುದಕ್ಕೆ ಎಂದಷ್ಟೇ ತಿಳಿದಿದ್ದೆ; ರೋಗವನ್ನು ಕಾಣಿಸುವುದಕ್ಕೂ ಬೇಕಾಗುತ್ತದೆಂದು ಅಂದು ಗೊತ್ತಾಯಿತು.

ಮೊದಲ ವರದಿ ಸುಳ್ಳು ಹೇಳಿರಲಿಲ್ಲ. 'ಕಂಡುಬಂದಿಲ್ಲ' ಎಂದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಅದನ್ನು 'ಇಲ್ಲ' ಎಂದು ಓದಿಕೊಂಡಿದ್ದೆ.