ದುಂಡು ತೆಪ್ಪದ ಪರವಾಗಿ

ದೋಣಿ ಎಂದೊಡನೆ ಕಣ್ಣಿಗೆ ಕಟ್ಟುವುದು ಚೂಪು ಮೂತಿಯ, ಸಪೂರ ಮೈಯ ರೂಪ. ನೋಟಕ್ಕೆ ಅದು ಚೆಂದವೇ. ಆದರೆ ಬೆಂಗಳೂರಿನ ಹಲಸೂರು ಕೆರೆಯಲ್ಲೋ, ಕೆ.ಆರ್. ಪುರದ ಆಚೆ ಹಳೇ ಮದ್ರಾಸ್ ರಸ್ತೆಗೆ ತಾಗಿರುವ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಲ್ಲೋ ಬಲೆ ಬಿಡುವವರಿಗೆ ಯಾವ ದೋಣಿ ಒಪ್ಪುತ್ತದೆ ಎಂದು ಕೇಳಿದರೆ ನನ್ನ ಓಟು ದುಂಡು ತೆಪ್ಪಕ್ಕೆ. ಬಿದಿರಿನ ದಬ್ಬೆ ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿದ ಹರಿಗೋಲು ಅದು, ಫೈಬರಿನದೂ ಬಂದಿದೆ. ಹಂಪಿಯ ಬಳಿ ಜನ ಇಂಥ ಬುಟ್ಟಿಯಾಕಾರದ ದೋಣಿಗಳಲ್ಲಿ ತುಂಗಭದ್ರೆ ದಾಟುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದಲ್ಲೇ ಬರೆದಿಟ್ಟಿದ್ದಾನೆ. ಹಳೆಯದೆಂಬ ಮಮತೆಯಿಂದ ನಾನು ಅದನ್ನು ಮೆಚ್ಚುತ್ತಿಲ್ಲ. ಲೆಕ್ಕವೇ ಅದರ ಪರವಾಗಿದೆ.

ದೋಣಿ ಓರೆಯಾದಾಗ ತಗ್ಗಿದ ಬದಿ ಹೆಚ್ಚು ನೀರನ್ನು ತಳ್ಳುತ್ತದೆ, ನೀರು ಆ ಬದಿಯನ್ನು ಮತ್ತೆ ಮೇಲಕ್ಕೊತ್ತುತ್ತದೆ. ಈ ಸಮತೋಲದ ಗಣಿತವನ್ನು ಫ್ರಾನ್ಸಿನ ಪಿಯೆರ್ ಬೂಗೆರ್ 1746ರಲ್ಲಿ ಹಡಗುಗಳ ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ. ಉದ್ದ ದುಪ್ಪಟ್ಟಾದರೆ ನೀರಿನ ಈ ಒತ್ತಾಸೆ ದುಪ್ಪಟ್ಟಾಗುತ್ತದೆ. ಅಗಲ ದುಪ್ಪಟ್ಟಾದರೆ ಎಂಟು ಪಟ್ಟಾಗುತ್ತದೆ. 2 ಮೀಟರ್ ವ್ಯಾಸದ ತೆಪ್ಪವನ್ನೂ, ನೀರಿನ ಮೇಲೆ ಅಷ್ಟೇ ಜಾಗ ಹಿಡಿಯುವ 4 ಮೀಟರ್ ಉದ್ದದ ನೀಳ ಪೆಟ್ಟಿಗೆದೋಣಿಯನ್ನೂ ಹೋಲಿಸಿ. ನೀಳ ದೋಣಿಯ ಅಗಲ 80 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅಡ್ಡಕ್ಕೆ ವಾಲಿದಾಗ ತೆಪ್ಪಕ್ಕೆ ಸಿಗುವ ಒತ್ತಾಸೆ ಅದರದಕ್ಕಿಂತ ಸುಮಾರು ಐದು ಪಟ್ಟು. ಮೀನು ಹಿಡಿಯುವವರು ಬಲೆ ಎಳೆಯುವುದು ಪಕ್ಕದಿಂದ, ಅಂದರೆ ನೀಳ ದೋಣಿ ಎಲ್ಲಿ ದುರ್ಬಲವೋ ಅಲ್ಲಿಂದಲೇ. ತೆಪ್ಪಕ್ಕೆ ದುರ್ಬಲ ಬದಿಯೇ ಇಲ್ಲ. ಆಳು, ಬಲೆ, ಕಾಟ್ಲ, ಜಿಲೇಬಿ ಮೀನು ಎಲ್ಲ ಸೇರಿ 250 ಕಿಲೊ ಭಾರವಿದ್ದರೂ ಅದು ನೀರಲ್ಲಿ ಇಳಿಯುವುದು ಹೆಚ್ಚುಕಡಿಮೆ 8 ಸೆಂಟಿಮೀಟರ್. ಹೂಳು ತುಂಬಿ, ಜೊಂಡು ಬೆಳೆದ ನಮ್ಮ ಕೆರೆಯಂಚುಗಳಿಗೆ ಇದಕ್ಕಿಂತ ಹೊಂದುವ ತಳ ಇನ್ನೊಂದಿಲ್ಲ.

ತೆಪ್ಪ ಬುಗುರಿಯಂತೆ ಸುತ್ತುತ್ತದೆ, ನೆಟ್ಟಗೆ ಸಾಗುವುದಿಲ್ಲ ಎಂಬ ಆಕ್ಷೇಪವಿದೆ. ಹುಟ್ಟು ಹಿಡಿಯಲು ಬಾರದವರ ಕೈಯಲ್ಲಿ ಅದು ನಿಜ. ಬಲ್ಲವರು ಮುಂಬದಿಯ ಅಂಚಿಗೆ ಕೂತು, ಹುಟ್ಟನ್ನು ಎದುರಿನ ನೀರಿಗಿಳಿಸಿ, ಅಲಗನ್ನು ಆಚೀಚೆ ಹೊರಳಿಸುತ್ತ ನೀರನ್ನು ತಮ್ಮತ್ತ ಸೆಳೆಯುತ್ತಾರೆ. ತೆಪ್ಪ ಹುಟ್ಟಿನ ಹಿಂದೆಯೇ ಬರುತ್ತದೆ. ಕೆರೆಯಲ್ಲಿ ಹೋಗಬೇಕಾದ ದೂರವೂ ಕಡಿಮೆ. ಅಲ್ಲದೆ ಬಲೆ ಬಿಡುವಾಗ ನಿಂತಲ್ಲೇ ತಿರುಗುವ ಗುಣ ವರವೇ. ಹಾಗಾದರೆ ಮಲ್ಪೆಯವರು ಏಕೆ ಚೂಪು ಮೂತಿಯ ದೋಣಿ ಕಟ್ಟುತ್ತಾರೆ ಎಂದು ಕೇಳಬಹುದು. ಅಗಲ ತಳ ನೀರಿನ ಮೇಲ್ಮೈ ವಾಲಿದಂತೆಲ್ಲ ತಾನೂ ವಾಲುತ್ತದೆ; ಕಡಲಿನ ದೊಡ್ಡ ಅಲೆಯಲ್ಲಿ ಅದು ಅಪಾಯ, ಅಲ್ಲಿ ಅಲೆಯನ್ನು ಸೀಳುವ ಮೂತಿಯೇ ಬೇಕು. ಹಲಸೂರಿನಂಥ ಕೆರೆಯಲ್ಲಿ ಗಾಳಿಗೆ ಅಂಥ ಅಲೆ ಎಬ್ಬಿಸುವಷ್ಟು ಬಯಲಿಲ್ಲ. ಆಕಾರವನ್ನು ಆರಿಸಬೇಕಾದ್ದು ನೀರನ್ನೂ ಕೆಲಸವನ್ನೂ ನೋಡಿ.

ಗಟ್ಟಿ ಆಕ್ಷೇಪ ಬೇರೆಯೇ ಇದೆ. ಮೊದಲ ವಾಲಿಕೆಯಲ್ಲಿ ಗಟ್ಟಿಯಾಗಿರುವ ಅಗಲ ದೋಣಿ, ಅಂಚು ಮುಳುಗಿದೊಡನೆ ಎಚ್ಚರಿಕೆ ಕೊಡದೆ ತುಂಬಿಕೊಳ್ಳುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಳಗೆ ನಿಂತ ನೀರು ಇನ್ನೂ ಕೇಡು: ವಾಲಿದ ಕಡೆಗೇ ಅದು ಹರಿದು ಭಾರ ಹಾಕುತ್ತದೆ, ಅದರ ಬಲವೂ ಅಗಲದೊಂದಿಗೇ ಹೆಚ್ಚುತ್ತದೆ. ತಳದ ತುಂಬ ಹರಡಿದ ತೆಳುನೀರು, ಅಗಲದಿಂದ ಗಳಿಸಿದ್ದರಲ್ಲಿ ಬಹುಪಾಲನ್ನು ಕಿತ್ತುಕೊಳ್ಳಬಲ್ಲದು. ಆದರೆ ಇವು ಆಕಾರವನ್ನು ಬಿಟ್ಟುಕೊಡಲು ಕಾರಣಗಳಲ್ಲ, ಅದನ್ನು ಸರಿಯಾಗಿ ಬಳಸಲು ನಿಯಮಗಳು. ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಲಿ, ಪಕ್ಕಗಳು ಹೊರಕ್ಕೆ ಅರಳಿರಲಿ. ಭಾರ ತಳದಲ್ಲೇ ಇರಲಿ. ಬಲೆಯನ್ನು ಕೂತೇ ಎಳೆಯಿರಿ. ನೀರು ಮೊಗೆಯುವ ಡಬ್ಬಿ ಕೈಗೆಟಕುವಲ್ಲಿರಲಿ, ಮೈಮೇಲೆ ಲೈಫ್ ಜಾಕೆಟ್ ಇರಲಿ. ಇಷ್ಟನ್ನು ಪಾಲಿಸುವವರಿಗೆ ಬೆಂಗಳೂರಿನ ಪೂರ್ವದ ಕೆರೆಗಳಲ್ಲಿ ದುಂಡು ತೆಪ್ಪಕ್ಕಿಂತ ನಂಬಿಕಸ್ಥ ದೋಣಿಯನ್ನು ನಾನು ಸೂಚಿಸಲಾರೆ.