ದೇಶನೂರಿನ ಬೆಳ್ಳಕ್ಕಿ ದಂಡು

ಬಳ್ಳಾರಿ ಬಿಟ್ಟ ಮೇಲೆ ಬಂಡೆಗುಡ್ಡಗಳು ತೆಕ್ಕಲಕೋಟೆಯವರೆಗೂ ಬಸ್ಸಿನ ಕಿಟಕಿ ಬಿಡುವುದಿಲ್ಲ. ಅಲ್ಲಿಂದ ಮುಂದೆ, ಸಿರುಗುಪ್ಪದ ಕಡೆಗೆ, ನೆಲದ ಬಣ್ಣವೇ ಬೇರೆ: ಎತ್ತ ನೋಡಿದರೂ ನೀರು ನಿಂತ ಭತ್ತದ ಗದ್ದೆ. ದೇಶನೂರಿಗೆ ಈ ನೀರು ಹೊಸದಲ್ಲ. ತುಂಗಭದ್ರೆಯ ವಿಜಯನಗರ ಕಾಲುವೆಗಳ ಸಾಲಿನಲ್ಲಿ ದೇಶನೂರು ಕಾಲುವೆಯೂ ಒಂದು. 1953ರಲ್ಲಿ ಮುಗಿದ ಹೊಸಪೇಟೆಯ ಅಣೆಕಟ್ಟು ಅದರ ಮುಂದೆ ಮೊನ್ನೆಯದು.

ನಾಟಿಗೆ ಗದ್ದೆ ಹದ ಮಾಡುತ್ತಿದ್ದ ಟ್ರ್ಯಾಕ್ಟರೊಂದು ಕಬ್ಬಿಣದ ಗಾಲಿಗಳಿಂದ ಕೆಸರು ಕಲಕುತ್ತ ಸಾಗಿತ್ತು. ಅದರ ಬೆನ್ನಿಗೇ ಬೆಳ್ಳಕ್ಕಿಗಳು. ಬದುವಿನ ಬಳಿ ಗಾಡಿ ತಿರುಗಿತೋ ಇಲ್ಲವೋ, ಇಡೀ ದಂಡು ಬಿಳಿ ಸೆರಗು ಬೀಸಿದಂತೆ ತಿರುಗಿಬಿಟ್ಟಿತು! ಒಂದರ ರೆಕ್ಕೆ ಇನ್ನೊಂದಕ್ಕೆ ತಾಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಇದನ್ನೇ ಮಾಡಿಸಲು ಆ್ಯನಿಮೇಷನ್‌ನವರು ಪಟ್ಟ ಪಾಡು ನೆನಪಾಗಿ ಬದುವಿನ ಮೇಲೇ ನಿಂತೆ.

ಅದಕ್ಕೊಂದು ಸುಲಭದ ಉಪಾಯವಿದೆ. ಸೆಕೆಂಡಿಗೆ 24 ಫ್ರೇಮು. ಒಂದೊಂದರಲ್ಲೂ ಹಕ್ಕಿ ಗುರಿಗೆ ಉಳಿದ ದೂರದ ಹತ್ತನೇ ಒಂದು ಪಾಲು ಸಾಗಲಿ. ದೂರ 100, 90, 81 ಎಂದು ಕರಗುತ್ತದೆ, ವೇಗ ತಾನಾಗಿ ತಗ್ಗುತ್ತದೆ. ಒಂಟಿ ಹಕ್ಕಿಗೆ ಇದು ಚೆನ್ನ. ನೂರು ಹಕ್ಕಿಗೆ ಗುರಿ ಒಂದೇ ಆದರೆ ಎಲ್ಲವೂ ಒಂದರೊಳಗೊಂದು ಹೂತುಹೋಗುತ್ತವೆ.

ಅಮೆರಿಕದ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಮಂಡಿಸಿದ 'ಬಾಯ್ಡ್ಸ್' ಎಂಬ ಕಂಪ್ಯೂಟರ್ ಮಾದರಿ ಈ ಗಂಟು ಬಿಡಿಸಿತು. ಅದರಲ್ಲಿ ಪ್ರತಿ ಹಕ್ಕಿಗೂ ಮೂರೇ ನಿಯಮ: ಪಕ್ಕದ ಹಕ್ಕಿಗೆ ತಾಗಬೇಡ, ಅಕ್ಕಪಕ್ಕದವು ಹೊರಟ ದಿಕ್ಕಿಗೇ ಹೊರಡು, ಗುಂಪು ಬಿಡಬೇಡ. ಇಷ್ಟೇ. ದಂಡಿಗೆ ದಂಡನಾಯಕ ಬೇಡ. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದ ಬಾವಲಿಗಳ ಹಿಂಡು ಹಾರಿದ್ದು ಈ ದಾರಿಯಲ್ಲೇ. 1999ರಲ್ಲಿ ಆತ ಇನ್ನೊಂದು ಜಾಣತನ ಹೇಳಿದ: ಮುಂದಾಳಿನ ಹಿಂದೆ ಹೋಗುವವರು ಮುಂದಾಳಿಗೇ ಗುರಿಯಿಡಬಾರದು, ಅವನ ಬೆನ್ನಿಗೆ ತುಸು ಹಿಂದಿರುವ, ಕಣ್ಣಿಗೆ ಕಾಣದ ಬಿಂದುವಿಗೆ ಇಡಬೇಕು. ಅವನ ದಾರಿಗೆ ಅಡ್ಡ ಸಿಕ್ಕವರು ಪಕ್ಕಕ್ಕೆ ಸರಿಯಬೇಕು.

ಟ್ರ್ಯಾಕ್ಟರಿನ ಡ್ರೈವರ್ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ. "ಅವು ಗಾಡಿ ಹಿಂದ ಬರಲ್ರೀ ಸರ, ಹುಳ ಎದ್ದಲ್ಲಿಗೆ ಬರ್ತಾವ." ಮತ್ತೆ ನೋಡಿದೆ. ಹೌದು, ಗಾಲಿ ಆಗಷ್ಟೇ ಮಗುಚಿದ ಕೆಸರಿಗೇ ಅವು ಇಳಿಯುತ್ತಿದ್ದವು. ಗಾಲಿಗೆ ಎದುರಾದವು ಎರಡು ಹೆಜ್ಜೆ ಬದಿಗೆ ಹಾರಿ ಮತ್ತೆ ಹಿಂದೆ ಸೇರುತ್ತಿದ್ದವು.

ಕಾಲುವೆಯ ಮೇಲಿನ ಏರೋಪ್ಲೇನ್ ಚಿಟ್ಟೆಗಳ ಲೆಕ್ಕ ಇನ್ನೂ ಗಟ್ಟಿ. ಅವು ಬೇಟೆಯ ಬಾಲ ಹಿಡಿದು ಓಡುವುದಿಲ್ಲ, ಅದು ತಲುಪಲಿರುವ ಜಾಗಕ್ಕೆ ಅಡ್ಡ ಹೋಗುತ್ತವೆ. ಆ್ಯನಿಮೇಷನ್‌ನಲ್ಲೂ ಹಾಗೆಯೇ: ಗುರಿಯ ವೇಗವನ್ನು ಅದನ್ನು ಮುಟ್ಟಲು ಹಿಡಿಯುವ ಹೊತ್ತಿನಿಂದ ಗುಣಿಸಿ, ಅದೀಗ ಇರುವ ಜಾಗಕ್ಕೆ ಕೂಡಿಸಿದರೆ ಹೋಗಬೇಕಾದ ಜಾಗ ಸಿಗುತ್ತದೆ. ಈ ಗುಣಾಕಾರ ನನ್ನ ತಲೆಯಲ್ಲಿ ಮುಗಿಯುವ ಮೊದಲೇ ಒಂದು ಚಿಟ್ಟೆ ಸರ್ರನೆ ಅಡ್ಡ ಹಾಯಿತು. ಸೊಳ್ಳೆ ಅದರ ಕಾಲುಗಳ ನಡುವೆ ಸಿಕ್ಕಿಕೊಂಡಿತ್ತು.