ನಾಯಿಯ ಮೇಲೆ ಬರೆದ ಹಾಡು

ಬೇರೆಯಾದಾಗ ಗ್ರೈಂಡರ್ ಅವಳಿಗೆ ಹೋಯಿತು, ಇಡ್ಲಿ ಪಾತ್ರೆ ನನಗೆ ಬಂತು. ರುಬ್ಬುವುದು ಅಲ್ಲಿ, ಬೇಯಿಸುವುದು ಇಲ್ಲಿ. ಎರಡೂ ಮನೆಯಲ್ಲಿ ಇಡ್ಲಿ ನಿಂತುಹೋಯಿತು. ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’ ಕ್ಯಾಸೆಟ್ಟೂ ಹೀಗೇ ಇಬ್ಭಾಗವಾಗಿತ್ತೆಂದು ತಿಳಿದದ್ದು ಆರು ತಿಂಗಳಾದ ಮೇಲೆ. ಟೇಪು ನನ್ನ ಕಾರಿನ ಪ್ಲೇಯರಿನಲ್ಲೇ ಉಳಿದಿತ್ತು. ಡಬ್ಬಿ ಅವಳ ಪುಸ್ತಕಗಳ ಜೊತೆ ಹೊರಟುಹೋಗಿತ್ತು. “ಇನ್ನೇನಾದ್ರೂ ಬಾಕಿ ಇದೆಯಾ ಸಾರ್?” ಎಂದು ವಕೀಲರು ಕೇಳಿದಾಗ ಧೈರ್ಯವಾಗಿ ಇಲ್ಲ ಎಂದಿದ್ದೆ.

ಆ ಡಬ್ಬಿಯ ಮೇಲೊಂದು ಚಿತ್ರ. ತಂಡದಲ್ಲಿ ಐವರಿದ್ದರೂ ಚಿತ್ರದಲ್ಲಿ ಇಬ್ಬರೇ: ಸ್ಟೀವಿ ನಿಕ್ಸ್, ಮತ್ತು ಸೊಂಟದಿಂದ ಎರಡು ಮರದ ಗುಂಡು ಇಳಿಬಿಟ್ಟುಕೊಂಡ ಉದ್ದನೆಯ ಮಿಕ್ ಫ್ಲೀಟ್‌ವುಡ್. “ಇಷ್ಟು ವಯಸ್ಸಾದ್ರೂ ಬುಗುರಿ ಆಡ್ತಾನಾ ಇವನು?” ಎಂದು ನಮ್ಮತ್ತೆ ಕೇಳಿದ್ದರು.

1976ರಲ್ಲಿ ಈ ಐವರೂ ಕ್ಯಾಲಿಫೋರ್ನಿಯಾದ ಸಾಸಲಿಟೊ ಊರಿನ ಸ್ಟುಡಿಯೋ ಸೇರಿದಾಗ ಒಬ್ಬರ ಸಂಸಾರವೂ ನೆಟ್ಟಗಿರಲಿಲ್ಲ. ಬಾಸ್ ನುಡಿಸುವ ಜಾನ್ ಮೆಕ್‌ವೀ, ಕೀಬೋರ್ಡಿನ ಕ್ರಿಸ್ಟೀನ್ ಗಂಡ ಹೆಂಡತಿಯಾಗಿದ್ದವರು, ಬೇರೆಯಾಗಿದ್ದರು. ಗಿಟಾರಿನ ಲಿಂಡ್ಸಿ ಬಕಿಂಗ್‌ಹ್ಯಾಮ್‌ಗೂ ಸ್ಟೀವಿಗೂ ಮುರಿದಿತ್ತು. ಡ್ರಮ್ ಬಾರಿಸುವ ಫ್ಲೀಟ್‌ವುಡ್‌ನ ಮದುವೆಯೂ ಕುಸಿಯುತ್ತಿತ್ತು. ಆದರೂ ಯಾರೂ ತಾಳ ತಪ್ಪಲಿಲ್ಲ.

ನಮ್ಮಪ್ಪ ಅಮ್ಮ ಮಾತು ಬಿಟ್ಟಾಗ “ಕಾಫಿ ಆಗಿದೆ ಅಂತ ಹೇಳೋ ನಿಮ್ಮಪ್ಪಂಗೆ” ಎಂದು ಅಮ್ಮ ಹೇಳುತ್ತಿದ್ದಳು, ಅಪ್ಪ ಮೂರಡಿ ದೂರದಲ್ಲೇ ಇರುತ್ತಿದ್ದ. ಸಾಸಲಿಟೊದಲ್ಲಿ ಹಾಗೆ ಓಡಾಡಲು ಹುಡುಗರಿರಲಿಲ್ಲ, ಹಾಡುಗಳಿದ್ದವು. ಲಿಂಡ್ಸಿ ‘ಗೋ ಯುವರ್ ಓನ್ ವೇ’ ಬರೆದ. ಅದರೊಳಗೆ ತನ್ನನ್ನು ಚುಚ್ಚುವ ಸಾಲೊಂದನ್ನು ತೆಗೆ ಎಂದಳು ಸ್ಟೀವಿ, ತೆಗೆಯಲಿಲ್ಲ. ಆಮೇಲೆ ವೇದಿಕೆ ವೇದಿಕೆಯಲ್ಲೂ ಅದಕ್ಕೆ ಅವಳೇ ದನಿಗೂಡಿಸಬೇಕಾಯಿತು. ಅವಳು ಹತ್ತೇ ನಿಮಿಷದಲ್ಲಿ ಬರೆದ ‘ಡ್ರೀಮ್ಸ್’ಗೆ ಗಿಟಾರು ಹೊಂದಿಸಿಕೊಟ್ಟವನು ಮತ್ತೆ ಅವನೇ. ಬಿಟ್ಟುಹೋಗುವವಳ ಸೂಟ್‌ಕೇಸಿಗೆ ತಾನೇ ಸೀರೆ ಮಡಿಸಿಟ್ಟ ಹಾಗೆ. ಅಮೆರಿಕದಲ್ಲಿ ಈ ತಂಡದ ಹಾಡು ಮೊದಲ ಸ್ಥಾನಕ್ಕೇರಿದ್ದು ಅದೊಂದೇ.

ನನಗೆ ಮಾತ್ರ ಕ್ರಿಸ್ಟೀನ್ ಇಷ್ಟ. ‘ಯು ಮೇಕ್ ಲವಿಂಗ್ ಫನ್’ ಅವಳು ಬರೆದದ್ದು ಹೊಸ ಪ್ರಿಯಕರನ ಮೇಲೆ. ಅವನು ಅದೇ ತಂಡಕ್ಕೆ ಲೈಟು ಬಿಡುವವನು. ಗಂಡನಿಗೆ ನೋವಾದೀತೆಂದು, ಇದು ನಮ್ಮ ನಾಯಿಯ ಮೇಲಿನ ಹಾಡು ಎಂದುಬಿಟ್ಟಳು. ಜಾನ್ ಬಾಸ್ ನುಡಿಸಿದ. ಎಷ್ಟು ಚೆನ್ನಾಗಿ ನುಡಿಸಿದ್ದಾನೆಂದರೆ, ಅವನು ನಂಬಿದ್ದನೋ ನಂಬಿದವನ ಹಾಗಿದ್ದನೋ ಎಂದು ನಾನು ಎಷ್ಟೋ ಸಿಗ್ನಲ್ಲುಗಳಲ್ಲಿ ಕೂತು ಯೋಚಿಸಿದ್ದೇನೆ. ಈ ಕತೆ ನನಗೆ ಹೇಳಿದವಳು ಗ್ರೈಂಡರ್ ಒಯ್ದವಳೇ, ಮದುವೆಯಾದ ಹೊಸತರಲ್ಲಿ, ನಗುನಗುತ್ತಾ. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಹಾಗಾಗಿ ನಾವು ನಿಜವನ್ನೇ ಹೇಳಿಕೊಳ್ಳಬೇಕಾಯಿತು.

1977ರಲ್ಲಿ ಹೊರಬಂದ ಆ ಆಲ್ಬಮ್ ಅಮೆರಿಕದಲ್ಲಿ 31 ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮ ಜಗಳ ಕೇಳಿಸಿಕೊಂಡವರು ಮಹಡಿ ಮೇಲಿನ ಓನರ್ ಒಬ್ಬರೇ. ಅವರೂ ಬಾಡಿಗೆ ಏರಿಸಿದರು.

ಮೊನ್ನೆ ಪ್ಲೇಯರು ಟೇಪನ್ನು ಜಗಿದು ಹಾಕಿತು. ಬರೆದವರೆಂದು ಐವರ ಹೆಸರೂ ಇರುವ ಒಂದೇ ಹಾಡು ಅದರಲ್ಲಿ ‘ದ ಚೈನ್’. ಅದನ್ನೇ ಬೇರೆಬೇರೆ ತುಣುಕು ಕತ್ತರಿಸಿ ಅಂಟಿಸಿ ಮಾಡಿದ್ದಂತೆ. ಆ ಧೈರ್ಯದಲ್ಲಿ ನಾನೂ ಬ್ಲೇಡು, ಸೆಲೋಟೇಪು ಹಿಡಿದು ಕೂತೆ. ಪೆನ್ಸಿಲ್ ತೂರಿಸಿ ಸುತ್ತಿದೆ. ಹಾಡಿತು, ನಡುವೆ ಒಂದು ಬಿಕ್ಕು. ಯಾರಿಗಾದರೂ ಹೇಳಬೇಕೆನಿಸಿ ಅವಳಿಗೇ ಫೋನ್ ಮಾಡಿದೆ.

“ಆ ಕ್ಯಾಸೆಟ್ ಡಬ್ಬಿ ಇದೆಯಾ?”

“ಇದೆ. ಬೇಕಾ?”

“ಬೇಡ, ಸುಮ್ನೆ ಕೇಳಿದೆ.”

ಅವಳ ಹಿಂದೆ ಯಾರೋ ಕೆಮ್ಮಿದರು. ಗಂಡು ಕೆಮ್ಮು.

“ಯಾರದು?” ಎಂದೆ. ಕೇಳಬಾರದಿತ್ತು.

ಅವಳು ಸ್ವಲ್ಪ ತಡೆದಳು.

“ನಾಯಿ,” ಎಂದಳು.